ತೆರಿಗೆ ಇಲ್ಲದ ನೆಲಕ್ಕೆ ಗ್ರಂಥಾಲಯ ಬಂದ ದಾರಿ

ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಸೆಸ್ ಕೂಡ ಸೇರಿರುತ್ತದೆ. ಕರ್ನಾಟಕದ 1965ರ ಗ್ರಂಥಾಲಯ ಕಾಯ್ದೆ ಮಾಡಿದ ಏರ್ಪಾಡು ಅದು. ಹಾಗಾದರೆ ತೆರಿಗೆಯೇ ಇಲ್ಲದ ನೆಲದಲ್ಲಿ ಗ್ರಂಥಾಲಯ ನಡೆಯುವುದು ಹೇಗೆ? ಅಮೆರಿಕದ ಮೂಲನಿವಾಸಿಗಳಿಗೆ ಎದುರಾದದ್ದು ಇದೇ ಪ್ರಶ್ನೆ.

ಅಲ್ಲಿ ಊರೂರಿನ ಗ್ರಂಥಾಲಯಗಳು ಹೆಚ್ಚಾಗಿ ನಡೆಯುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಬುಡಕಟ್ಟುಗಳ ಮೀಸಲು ಪ್ರದೇಶದ ಬಹುಪಾಲು ನೆಲಕ್ಕೆ ರಾಜ್ಯ ಸರ್ಕಾರವಾಗಲಿ, ಸ್ಥಳೀಯ ಆಡಳಿತವಾಗಲಿ ತೆರಿಗೆ ಹಾಕುವಂತಿಲ್ಲ. ತೆರಿಗೆ ಇಲ್ಲ, ಹಾಗಾಗಿ ಗ್ರಂಥಾಲಯವೂ ಇಲ್ಲ.

1956ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹಳ್ಳಿಗಾಡಿನ ಗ್ರಂಥಾಲಯಗಳಿಗೆಂದೇ ಒಂದು ಕಾಯ್ದೆ ತಂದಿತು. 10,000ಕ್ಕಿಂತ ಹೆಚ್ಚು ಜನರಿಲ್ಲದ ಊರುಗಳಿಗೆ ಅನುದಾನ. ಆದರೆ ಆ ದುಡ್ಡು ಹೋಗುತ್ತಿದ್ದದ್ದು ರಾಜ್ಯಗಳ ಕೈಗೆ. ಬುಡಕಟ್ಟುಗಳ ಸಂಬಂಧವೋ ನೇರ ಕೇಂದ್ರದ ಜೊತೆ. ರಾಜ್ಯದವರು ಅವರನ್ನು ಕೇಂದ್ರದ ಹೊಣೆ ಎಂದುಕೊಂಡರು. ಕೇಂದ್ರ ರಾಜ್ಯಕ್ಕೆ ಕೊಟ್ಟು ಕೈ ತೊಳೆದುಕೊಂಡಿತು. ನಡುವೆ ಉಳಿದವರಿಗೆ ಪುಸ್ತಕ ತಲುಪಲಿಲ್ಲ.

ಮೊಹಾಕ್ ಜನರ ಅಕ್ವೆಸಾಸ್ನೆ ಅಮೆರಿಕ ಮತ್ತು ಕೆನಡಾ ಗಡಿಯ ಮೇಲಿದೆ. ಅಲ್ಲಿನವರು ಕಾಯುತ್ತಾ ಕೂರಲಿಲ್ಲ. 1971ರಲ್ಲೇ ತಮ್ಮ ಗ್ರಂಥಾಲಯ ತೆರೆದರು. 1977ರಲ್ಲಿ ನ್ಯೂಯಾರ್ಕ್ ರಾಜ್ಯ ಬುಡಕಟ್ಟು ಗ್ರಂಥಾಲಯಗಳಿಗೆ ಸಹಾಯಧನ ಕೊಡುವ ಕಾನೂನು ಮಾಡಿತು. ಅಲ್ಲಿ ಲೆಕ್ಕ ಹಿಡಿದದ್ದು ತೆರಿಗೆಯನ್ನಲ್ಲ, ಮೀಸಲು ಪ್ರದೇಶದ ಜನಸಂಖ್ಯೆಯನ್ನು ಮತ್ತು ನೆಲದ ವಿಸ್ತೀರ್ಣವನ್ನು.

ಮರುವರ್ಷ ಡೆನ್ವರ್ ನಗರದಲ್ಲಿ ಮೂಲನಿವಾಸಿ ಪ್ರತಿನಿಧಿಗಳು ಗ್ರಂಥಾಲಯದ ವಿಷಯಕ್ಕಾಗಿಯೇ ಸಭೆ ಸೇರಿದರು. ದುಡ್ಡು ಬುಡಕಟ್ಟುಗಳಿಗೇ ನೇರವಾಗಿ ಬರಬೇಕೆಂದು ಕೇಳಿದರು. 1984ರಲ್ಲಿ ಸಂಸತ್ತು ಒಪ್ಪಿತು: ಕೇಂದ್ರದ ಗ್ರಂಥಾಲಯ ಅನುದಾನದಲ್ಲಿ ಶೇ 1.5 ಬುಡಕಟ್ಟುಗಳಿಗೆ, ಶೇ 0.5 ಹವಾಯಿಯ ಮೂಲನಿವಾಸಿಗಳಿಗೆ. ಮುಂದೆ ಬಂದ ಹೊಸ ಕಾನೂನಿನಡಿ ಎರಡೂ ಸೇರಿ ಶೇ 1.75 ಆಯಿತು.

ಶೇಕಡಾವಾರು ನೋಡಿದರೆ ಚಿಲ್ಲರೆ. ಆದರೆ ಅದರಲ್ಲಿ ಪುಸ್ತಕ ಬಂತು, ಕಂಪ್ಯೂಟರ್ ಬಂತು, ಸಿಬ್ಬಂದಿಗೆ ಸಂಬಳವಾಯಿತು. ತಮ್ಮ ಭಾಷೆ ಬಲ್ಲ ಹಿರಿಯರ ಮಾತು, ಕಥೆಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸವೂ ನಡೆಯಿತು. ಒಬ್ಬ ಅಜ್ಜಿ ತೀರಿಕೊಂಡ ಮೇಲೆ ಎಷ್ಟು ಅನುದಾನ ಕೊಟ್ಟರೂ ಆ ಮಾತು ಮತ್ತೆ ಸಿಗುವುದಿಲ್ಲ.

2025ರ ಮಾರ್ಚ್ 14ರಂದು ಅಧ್ಯಕ್ಷ ಟ್ರಂಪ್ ಈ ಅನುದಾನ ಕೊಡುವ ಸಂಸ್ಥೆಯನ್ನೇ ಕುಗ್ಗಿಸುವ ಆದೇಶಕ್ಕೆ ಸಹಿ ಹಾಕಿದರು. ಮುಂದಿನ ತಿಂಗಳಲ್ಲೇ ನೂರಾರು ಅನುದಾನಗಳು ರದ್ದಾದವು. 21 ರಾಜ್ಯಗಳು ಕೋರ್ಟಿಗೆ ಹೋದವು. ನವೆಂಬರಿನಲ್ಲಿ ರೋಡ್ ಐಲೆಂಡಿನ ನ್ಯಾಯಾಲಯ ಸರ್ಕಾರದ ಈ ಕ್ರಮ ಕಾನೂನಿಗೆ ವಿರುದ್ಧ ಎಂದಿತು. ಡಿಸೆಂಬರಿನಲ್ಲಿ ಅನುದಾನಗಳನ್ನು ಮರಳಿ ಕೊಡುವುದಾಗಿ ಸಂಸ್ಥೆ ಪ್ರಕಟಿಸಿತು.

ಪಟ್ಟಣದ ಗ್ರಂಥಾಲಯಕ್ಕೆ ಕೇಂದ್ರದ ದುಡ್ಡು ನಿಂತರೂ ಊರಿನ ತೆರಿಗೆ ಇರುತ್ತದೆ. ಬುಡಕಟ್ಟಿನ ಸಣ್ಣ ಗ್ರಂಥಾಲಯಕ್ಕೆ ಆ ಆಸರೆಯಿಲ್ಲ. ಅದರ ಬಾಗಿಲು ತೆರೆದಿಟ್ಟಿರುವುದು ಕಾಯ್ದೆಯಲ್ಲಿ ಬರೆದಿರುವ ಆ ಸಣ್ಣ ಪಾಲು. ಅದಕ್ಕಾಗಿ ಒಂದು ತಲೆಮಾರು ಓಡಾಡಿತ್ತು. ಈಗ ಅದನ್ನು ಕಾಯುವ ಕೆಲಸ ಇನ್ನೊಂದು ತಲೆಮಾರಿನದು.