ಕಂದು ಕಂದುವ ಕಥೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು. ಜಲಾಶಯ ತುಂಬಿದರೆ ಅಲ್ಲಿನ ಜೋಡಿ ಸೈಫನ್‌ಗಳು ತಾವಾಗಿಯೇ ನೀರನ್ನು ಹೊರಗೆ ಎಳೆದು ಹಾಕುತ್ತವೆ. ನನಗೆ ಮಾತ್ರ ಆ ಊರು ಅಂದ್ರೆ ಮಾವನ ಬಾಳೆ ತೋಟ.

ಹೋದ ಸಲ ಹೋದಾಗ ಮಾವ ಟಿಶ್ಯೂ ಕಲ್ಚರ್ ಸಸಿ ನೆಡಿಸುತ್ತಿದ್ದರು. ಪಕ್ಕದಲ್ಲಿ ಹಳೇ ತೋಟದಿಂದ ಕಿತ್ತ ಬಾಳೆ ಕಂದುಗಳ ರಾಶಿ. ಗಡ್ಡೆ ಕತ್ತರಿಸಿದ ಜಾಗ ಆಗಲೇ ಕಪ್ಪಗಾಗಿತ್ತು. "ಕುಡುಗೋಲು ತಗುಲಿದ್ರೆ ಸಾಕು, ಗಳಿಗೇಲಿ ಕಂದೋಗುತ್ತೆ. ಲ್ಯಾಬಲ್ಲಿ ಇದನ್ನ ಚೂರು ಚೂರು ಮಾಡಿ ಹೆಂಗೆ ಬದುಕಿಸ್ತಾರೋ?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದು ಹುಡುಕಿದರೆ ಕಥೆ ಇನ್ನೂರು ವರ್ಷ ಹಿಂದಕ್ಕೆ ಹೋಯಿತು.

1810ರಲ್ಲಿ ಪ್ಲಾಂಶ್ ಎಂಬ ಫ್ರೆಂಚ್ ಔಷಧ ತಯಾರಕ ಒಂದು ವಿಚಿತ್ರ ಗಮನಿಸಿದ. ಗ್ವಾಯಾಕ್ ಮರದ ರಾಳದ ದ್ರಾವಣಕ್ಕೆ ಹಾರ್ಸ್‌ರ್ಯಾಡಿಷ್ ಬೇರಿನ ಚೂರು ಹಾಕಿದರೆ ಅದು ನೀಲಿಯಾಗುತ್ತಿತ್ತು. ಹಾರ್ಸ್‌ರ್ಯಾಡಿಷ್ ನಮ್ಮ ಸಾಸಿವೆ, ಮೂಲಂಗಿಯ ಬಳಗದ ಖಾರದ ಬೇರು. ಆ ನೀಲಿಯ ಹಿಂದಿದ್ದ ಕಿಣ್ವಕ್ಕೆ 'ಪೆರಾಕ್ಸಿಡೇಸ್' ಎಂಬ ಹೆಸರು ಬಂದದ್ದು 1898ರಲ್ಲಿ, ಲಿನೋಸಿಯೆ ಎಂಬ ವಿಜ್ಞಾನಿಯಿಂದ.

ಗಿಡಕ್ಕೆ ಇದು ಯಾಕೆ ಬೇಕು? ಗಾಯವಾದ ಕೂಡಲೇ ಜೀವಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚುತ್ತದೆ. ಪೆರಾಕ್ಸಿಡೇಸ್ ಅದನ್ನು ಬಳಸಿಕೊಂಡು ಫೀನಾಲ್‌ಗಳನ್ನು ಒಂದಕ್ಕೊಂದು ಬೆಸೆದು ಕೋಶದ ಗೋಡೆಯನ್ನು ಗಟ್ಟಿ ಮಾಡುತ್ತದೆ. ಇದನ್ನೂ ಮಾರ್ಕೋನಹಳ್ಳಿಯ ಸೈಫನ್ ಥರ ಯಾರೂ ಬಂದು ಚಾಲೂ ಮಾಡಬೇಕಿಲ್ಲ. ಕತ್ತರಿಸಿದ ಜಾಗ ಕಂದುವುದರಲ್ಲಿ ಇದರ ಪಾಲೂ ಇದೆ, ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವದ ಪಾಲೂ ಇದೆ.

ಹೊಲದಲ್ಲಿ ಗಿಡವನ್ನು ಕಾಯುವ ಈ ಗುಣವೇ ಲ್ಯಾಬ್‌ನಲ್ಲಿ ತಲೆನೋವು. 1902ರಲ್ಲಿ ಹಾಬರ್ಲಾಂಟ್ ಗಿಡದ ಬಿಡಿ ಜೀವಕೋಶಗಳನ್ನು ಗಾಜಿನಲ್ಲಿ ಸಾಕಲು ನೋಡಿದ. ಅವು ಬದುಕಿದವು, ಆದರೆ ಒಡೆದು ಎರಡಾಗಲಿಲ್ಲ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಪೋಷಕ ದ್ರಾವಣ ಇವತ್ತಿಗೂ ಬಾಳೆ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದೆ. ಅಷ್ಟಾದರೂ ಬಾಳೆಯ ಚೂರು ಕಂದಿ ಸಾಯುವ ಭಯ ತಪ್ಪಿಲ್ಲ. ಅದಕ್ಕೇ ವಿಟಮಿನ್ ಸಿ ಹಾಕುತ್ತಾರೆ, ಇದ್ದಿಲ ಪುಡಿ ಬೆರೆಸುತ್ತಾರೆ, ಪದೇ ಪದೇ ಹೊಸ ದ್ರಾವಣಕ್ಕೆ ದಾಟಿಸುತ್ತಾರೆ. ಮಾವನ ಪ್ರಶ್ನೆಗೆ ಉತ್ತರ ಇದೇ.

ಆದರೆ ಈ ಕಿಣ್ವ ಬರೀ ವಿಲನ್ ಅಲ್ಲ. ಚಿಗುರು ಬೇರು ಬಿಡುವ ಮುಂಚೆಯೇ ಅದರ ಚಟುವಟಿಕೆ ಏರಿಳಿಯುತ್ತದೆ. ಬೇರು ಕಣ್ಣಿಗೆ ಕಾಣೋ ಮೊದಲೇ ಸುಳಿವು ಸಿಕ್ಕಂತೆ. ಅದನ್ನು ಅಳೆಯುವುದು ಗ್ವಾಯಾಕಾಲ್ ಎಂಬ ರಾಸಾಯನಿಕದಿಂದ. ಹೆಸರು ಬಂದಿರೋದು ಪ್ಲಾಂಶ್ ಬಳಸಿದ ಅದೇ ಗ್ವಾಯಾಕ್ ರಾಳದಿಂದ! ಬಣ್ಣ ಮಾತ್ರ ಇಟ್ಟಿಗೆ ಕೆಂಪು. ಬಣ್ಣ ಎಷ್ಟು ಬೇಗ ಏರುತ್ತದೋ ಕಿಣ್ವ ಅಷ್ಟು ಚುರುಕು.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ಬೀಟ್‌ರೂಟಿಗೆ ಒಂದು ಮಣ್ಣಿನ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿ, ಕೂದಲಿನಂಥ ಬೇರುಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಅವುಗಳಿಂದ ಪೆರಾಕ್ಸಿಡೇಸ್ ಪಡೆದರು. ಬೀಟ್‌ರೂಟೇ ಯಾಕೆ? ಈ ಕಿಣ್ವಕ್ಕೆ ಜಗತ್ತು ಹೆಚ್ಚಾಗಿ ನೆಚ್ಚಿಕೊಂಡಿರುವುದು ತಂಪು ದೇಶಗಳ ಹಾರ್ಸ್‌ರ್ಯಾಡಿಷನ್ನು. ಅದು ನಮ್ಮ ಹೊಲದ ಬೆಳೆಯಲ್ಲ.

'ನಮಗ್ಯಾಕೆ ಇದೆಲ್ಲ' ಅನ್ನಬೇಡಿ. ಮಳೆಗಾಲದಲ್ಲಿ ಜ್ವರ ಬಂದು ಡೆಂಗಿ ಎಲೈಸಾ ಪರೀಕ್ಷೆಗೆ ರಕ್ತ ಕೊಟ್ಟಿದ್ದೀರಲ್ಲ? ಅಂಥ ಬಹಳಷ್ಟು ಕಿಟ್‌ಗಳಲ್ಲಿ ಪಾಸಿಟಿವ್ ಆದರೆ ಮೊದಲು ನೀಲಿ ಬಣ್ಣ ತರೋದು ಇದೇ ಹಾರ್ಸ್‌ರ್ಯಾಡಿಷ್ ಕಿಣ್ವ. 1810ರಲ್ಲಿ ಪ್ಲಾಂಶ್ ಕಂಡ ನೀಲಿಯ ಹಿಂದಿದ್ದದ್ದೂ ಅದೇ.

ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಕಂದೋದು ಅಂದ್ರೆ ಅದು ಸಾಯೋದಲ್ಲ, ಗಾಯ ಮುಚ್ಚಿಕೊಳ್ಳೋದು ಅನ್ನು" ಅಂದರು.

ಹೊಲದಲ್ಲಿ ಹೌದು ಮಾವ, ಅಂದೆ. ಲ್ಯಾಬಲ್ಲಿ ಮಾತ್ರ ಯಾರಾದರೂ ಕಾಯಬೇಕು.