ಕಡಲಾಚೆಯ ವಿದ್ಯೆಗೆ ದೇಶದ ಆಯ್ಕೆ

ಮಂಗಳೂರಿನಿಂದ ಬಡಗಣ ದಿಕ್ಕಿಗೆ ಹೋಗುವ ಹೆದ್ದಾರಿಯಲ್ಲಿ ಪಣಂಬೂರನ್ನು ದಾಟಿದೊಡನೆ ಬೈಕಂಪಾಡಿಯು ಸಿಗುವುದು. ಅದಕ್ಕೂ ಮುಂದೆ ಸುರತ್ಕಲ್. ಪಡುವಣಕ್ಕೆ ಸಮುದ್ರ. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಏಳುವ ಮೊದಲು ಇಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಹಳೆಯ ಬಂದರು ಇದ್ದುದು ತೆಂಕಣಕ್ಕೆ, ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯಲ್ಲಿ. ಉಗಿಹಡಗು ದೂರದಲ್ಲಿಯೇ ಲಂಗರು ಹಾಕಿ ನಿಲ್ಲುವುದು, ಪ್ರಯಾಣಿಕರು ದೋಣಿಯಲ್ಲಿ ಹೋಗಿ ಅದನ್ನು ಸೇರುವರು. ಮಳೆಗಾಲದಲ್ಲಿ ಅದೂ ಇಲ್ಲ. ಕಡಲನ್ನು ದಿನವೂ ಕಾಣುತ್ತಿದ್ದ ಈ ತೀರದವರಿಗೆ ಕಡಲಾಚೆಯ ವಿದ್ಯೆಯು ಬಹುಕಾಲ ದುರ್ಲಭವಾಗಿದ್ದಿತು. ಅದಕ್ಕೆ ಅಳಿವೆಯ ಮರಳೊಂದೇ ಕಾರಣವಲ್ಲ.

ವಿದೇಶದಲ್ಲಿ ಓದಬಯಸುವ ತರುಣನು ದೇಶವನ್ನು ತಾನೇ ಆರಿಸಿಕೊಳ್ಳುವನೆಂದು ಮೇಲ್ನೋಟಕ್ಕೆ ತೋರುವುದು. ಈ ಜಿಲ್ಲೆಯ ಚರಿತ್ರೆಯನ್ನು ನೋಡಿದರೆ, ಆ ಆಯ್ಕೆಯ ಬಹುಭಾಗವು ಅವನು ಮನೆಯಿಂದ ಹೊರಡುವ ಮುನ್ನವೇ ಬೇರೆಯವರ ಕೈಯಿಂದ ಆಗಿಹೋಗಿರುವುದು ಕಂಡುಬರುತ್ತದೆ.

ಈ ಸಾಲಿನಲ್ಲಿ ಮೊದಲು ನೆನೆಯಬೇಕಾದವರು ಹೆರ್ಮನ್ ಆನಂದರಾವ್ ಕೌಂಡಿನ್ಯರು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಿದ್ದರು. ಅದರ ಹಿಂದಿನ ವರ್ಷವಷ್ಟೇ ಕಂಪೆನಿಯ ಹೊಸ ಸನ್ನದು ಬ್ರಿಟಿಷರಲ್ಲದ ಪಾದ್ರಿಗಳಿಗೂ ಹಿಂದುಸ್ಥಾನದ ಬಾಗಿಲನ್ನು ತೆರೆದಿತ್ತು. ಸಾರಸ್ವತ ಬ್ರಾಹ್ಮಣ ಕುಲದ ಆನಂದರಾಯರು ಮಿಶನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿತು, 1844ರಲ್ಲಿ ಕ್ರೈಸ್ತರಾದರು. ‘ಮಂಗಳೂರ ಸಮಾಚಾರ’ವನ್ನು ಹಿಂದಿನ ವರ್ಷ ಆರಂಭಿಸಿದ್ದ ಹೆರ್ಮನ್ ಮೋಗ್ಲಿಂಗರೇ ಅವರ ಗುರುಗಳು; ದೀಕ್ಷೆಯಲ್ಲಿ ಶಿಷ್ಯನಿಗೆ ಬಂದ ಹೆಸರೂ ಗುರುವಿನದೇ. ಬಳಿಕ ಕೌಂಡಿನ್ಯರು ಯೂರೋಪಿಗೆ ತೆರಳಿ, ಬಾಸೆಲಿನ ಮಿಶನ್ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಹಿಂದಿರುಗಿದರು.

ಇಲ್ಲಿ ಒಂದು ಸಂಗತಿಯು ಗಮನಾರ್ಹವಾಗಿದೆ. ಆಗ ಈ ಜಿಲ್ಲೆಯನ್ನು ಆಳುತ್ತಿದ್ದವರು ಇಂಗ್ಲಿಷರು. ಅವರು ಶಾಲೆಯಲ್ಲಿ ಕಲಿತುದೂ ಇಂಗ್ಲಿಷ್. ಆದರೆ ಓದಿಗೆ ದೊರೆತ ದೇಶವು ಸ್ವಿಟ್ಜರ್ಲೆಂಡು, ಪಾಠದ ಭಾಷೆಯು ಜರ್ಮನ್. ಸುಯೆಜ್ ಕಾಲುವೆಯು 1869ರ ತನಕ ಇರಲಿಲ್ಲವಾದುದರಿಂದ ಯೂರೋಪಿಗೆ ಹೋಗುವವರು ಕೆಂಪು ಸಮುದ್ರದಲ್ಲಿ ಹಡಗಿಳಿದು, ಈಜಿಪ್ತಿನ ನೆಲವನ್ನು ದಾಟಿ ಮತ್ತೆ ಹಡಗೇರಬೇಕು, ಇಲ್ಲವೇ ಆಫ್ರಿಕಾ ಖಂಡವನ್ನೇ ಸುತ್ತಬೇಕು. ಸಮುದ್ರಲಂಘನವು ಜಾತಿಭ್ರಷ್ಟತೆಗೆ ಕಾರಣವೆಂದು ಎಣಿಸುತ್ತಿದ್ದ ಕಾಲವದು. ಮತಾಂತರದಿಂದಲೇ ಜಾತಿಯ ಹೊರಗಾಗಿದ್ದ ಕೌಂಡಿನ್ಯರಿಂದ ಕಡಲು ಹೊಸದಾಗಿ ಕಸಿದುಕೊಳ್ಳುವಂಥದು ಏನೂ ಉಳಿದಿರಲಿಲ್ಲ. ಅವರು ತೆರಬೇಕಾದ ಬೆಲೆಯನ್ನು ಹಡಗು ಹತ್ತುವ ಮೊದಲೇ ತೆತ್ತಿದ್ದರು. ಮುಂದೆ 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ವಿವಾಹವಾಗಿ, 1893ರ ತನಕ ಬದುಕಿ, ಮಿಶನಿನ ಸೇವೆಯಲ್ಲಿಯೇ ಕಾಲ ಕಳೆದರು. ಕೊಡಗಿನ ಆನಂದಪುರಕ್ಕೆ ಹೆಸರು ಬಂದುದು ಅವರಿಂದ.

ಜಾತಿಯೊಳಗೆ ಇದ್ದುಕೊಂಡೇ ಹೋಗಬಯಸಿದವರ ಪಾಡು ಬೇರೆ. 1888ರಲ್ಲಿ ಮೋಹನದಾಸ ಗಾಂಧಿಯವರು ವಿಲಾಯತಿಗೆ ಹೊರಟಾಗ ಬೊಂಬಾಯಿಯಲ್ಲಿ ಅವರ ಜಾತಿಯವರು ಸಭೆ ಸೇರಿ ಬಹಿಷ್ಕಾರ ಹಾಕಿದ ವೃತ್ತಾಂತವು ಸರ್ವವಿದಿತ. ಆದರೂ ಜನರು ಇಂಗ್ಲೆಂಡಿಗೇ ಹೋಗುತ್ತಿದ್ದರೇಕೆ? ಅಲ್ಲಿನ ವಿದ್ಯೆಯೇ ಶ್ರೇಷ್ಠವೆಂದು ತೂಗಿ ನೋಡಿದವರು ಕೆಲವರೇ. ಬಾರಿಸ್ಟರ ಪದವಿ ಸಿಗುತ್ತಿದ್ದುದು ಲಂಡನ್ನಿನಲ್ಲಿ; ಸಿವಿಲ್ ಸರ್ವಿಸಿನ ಪರೀಕ್ಷೆಯು 1922ರಲ್ಲಿ ಹಿಂದುಸ್ಥಾನದಲ್ಲಿಯೂ ನಡೆಯತೊಡಗುವ ತನಕ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. 1878ರಿಂದ ಸುಮಾರು ಹದಿಮೂರು ವರ್ಷಗಳ ಕಾಲ ಆ ಪರೀಕ್ಷೆಗೆ 19 ವರ್ಷ ಮೀರಿದವರು ಕೂರುವಂತೆಯೇ ಇರಲಿಲ್ಲ. ಮೀಸೆ ಚಿಗುರುವ ಮುನ್ನವೇ ಮಗನನ್ನು ಹಡಗೇರಿಸಬೇಕು, ತಪ್ಪಿದರೆ ಹಣವೂ ಹೋಯಿತು, ಜಾತಿಯೂ ಹೋಯಿತು. ಇಂತಹ ನಿಯಮವನ್ನು ಮಾಡಿದವರು ಅದನ್ನು ಅರಿಯದೆ ಮಾಡಿದರೆಂದು ನಂಬುವುದು ಕಷ್ಟ.

ವಯಸ್ಸಿನ ಮಿತಿಯು ಸಡಿಲವಾದ ಮೇಲೆ ಹೋದವರಲ್ಲಿ ಮಂಗಳೂರಿನ ಬೆನಗಲ್ ನರಸಿಂಗರಾಯರು ಅಗ್ರಗಣ್ಯರು. 1887ರಲ್ಲಿ ಜನಿಸಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮಾರ್ಗವಾಗಿ ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಮದರಾಸಿನ ಮಾರ್ಗವೂ ಅವರು ಆರಿಸಿದುದಲ್ಲ: 1862ರಲ್ಲಿ ಉತ್ತರ ಕನ್ನಡವು ಬೊಂಬಾಯಿ ಪ್ರಾಂತಕ್ಕೆ ಹೋಗಿ, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದುದರಿಂದ ಇಲ್ಲಿಯ ಹುಡುಗರ ದಾರಿ ಆ ಕಡೆಗೇ. 1910ರಲ್ಲಿ ಸೇವೆಗೆ ಸೇರಿದಾಗ, ಮದರಾಸು ಪ್ರಾಂತದಲ್ಲಿ ತಮಗೆ ಬಂಧುಮಿತ್ರರು ಬಹಳವಿರುವರೆಂದು ಹೇಳಿ, ಬೇರೆ ಪ್ರಾಂತವನ್ನು ಬೇಡಿ ಬಂಗಾಳಕ್ಕೆ ಹೋದರು. ಸಂವಿಧಾನ ಸಭೆಯ ಸಲಹೆಗಾರರಾದವರು ಇವರೇ. ತಮ್ಮ ರಾಮರಾಯರೂ ಕೇಂಬ್ರಿಜ್ಜಿನಲ್ಲಿ ಓದಿದವರು. 1949ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನ್ನಿನಲ್ಲಿ ಸಮಾಜಶಾಸ್ತ್ರವನ್ನು ಓದಿದರು. ಪತಿಯು ಮೊದಲೇ ಅಲ್ಲಿಗೆ ತೆರಳಿದ್ದರು; ಹೆಂಗಸರಿಗೆ ಆ ಕಾಲದಲ್ಲಿ ದಾರಿ ತೆರೆಯುತ್ತಿದ್ದ ಬಗೆಯೇ ಅದು.

1909ರಲ್ಲಿ ಲಂಡನ್ನಿನಲ್ಲಿ ಮದನಲಾಲ ಧಿಂಗ್ರಾ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ ಮೇಲೆ ಅಲ್ಲಿನ ಹಿಂದೂ ವಿದ್ಯಾರ್ಥಿಗಳ ಮೇಲೆ ಸರಕಾರದ ಕಣ್ಣು ಬಿದ್ದಿತು. ಆಳುವವರ ನೆಲದಲ್ಲಿ ಓದಲೊಲ್ಲದ ತರುಣರು ಬೇರೆ ದಿಕ್ಕುಗಳನ್ನು ನೋಡಿದರು. ಧಾರವಾಡದಲ್ಲಿ ಜನಿಸಿದ ನಾರಾಯಣ ಸುಬ್ಬರಾವ್ ಹರ್ಡೀಕರರು ಅಮೆರಿಕಾಕ್ಕೆ ಹೋಗಿ, ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಕಲಿತು, ಲಾಲಾ ಲಜಪತರಾಯರೊಡನೆ ಸ್ವರಾಜ್ಯದ ಪ್ರಚಾರಕ್ಕೂ ಇಳಿದರು. 1921ರಲ್ಲಿ ಮರಳಿ, ಹುಬ್ಬಳ್ಳಿಯಲ್ಲಿ ನೆಲೆಸಿ ಸೇವಾದಳವನ್ನು ಕಟ್ಟಿದರು. ಅನಂತರ ರಾಮಮನೋಹರ ಲೋಹಿಯಾ ಅವರು ಇಂಗ್ಲೆಂಡನ್ನು ಬಿಟ್ಟು ಬರ್ಲಿನನ್ನು ಹಿಡಿದರು. ತಾನೇ ಆರಿಸಿದುದೆಂದು ನಿಜವಾಗಿ ಹೇಳಬಹುದಾದ ಆಯ್ಕೆಗಳು ಇವೇ. ಇವುಗಳಿಂದ ಉದ್ಯೋಗದ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ ದಾರಿ ಹಾಕಿದವರು ವೇತನ ಕೊಡುವವರು. ಫುಲ್‌ಬ್ರೈಟ್ ಒಪ್ಪಂದವು 1950ರಲ್ಲಿ ಆಯಿತು, ಮೈಸೂರಿನ ಎ. ಕೆ. ರಾಮಾನುಜನ್ನರು 1959ರಲ್ಲಿ ಇಂಡಿಯಾನಾಕ್ಕೆ ಹೋದರು. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಅಲ್ಲಿ ಕುಳಿತು ‘ಸಂಸ್ಕಾರ’ವನ್ನು ಬರೆದರು. ಬಿಟ್ಟುಬಂದ ಅಗ್ರಹಾರವು ಅಷ್ಟು ದೂರದಿಂದ ಅಷ್ಟು ಸ್ಪಷ್ಟವಾಗಿ ಕಂಡಿತು.

ಬೈಕಂಪಾಡಿಯ ಬಡಗಣಕ್ಕೆ, ಸುರತ್ಕಲ್ಲಿನಲ್ಲಿ 1960ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಮೇಲೆ ಈ ಮರಳ ದಂಡೆಯಿಂದಲೇ ತರುಣರು ಅಮೆರಿಕಾದ ದಾರಿ ಹಿಡಿಯತೊಡಗಿದರು. ಪಣಂಬೂರಿಗೆ ಈಗ ದೊಡ್ಡ ಹಡಗುಗಳು ಬರುತ್ತವೆ. ವಿದ್ಯಾರ್ಥಿಗಳು ಹೋಗುವುದು ವಿಮಾನದಲ್ಲಿ. ಮನೆಯ ಜಗಲಿಯಲ್ಲಿ ಕುಳಿತು ಶುಲ್ಕವನ್ನೂ, ಓದಿದ ಮೇಲೆ ಅಲ್ಲಿ ದುಡಿಯಲು ಅನುಮತಿಯುಂಟೇ ಎಂಬುದನ್ನೂ ಲೆಕ್ಕ ಹಾಕುವರು. ಹೀಗೆ ಲೆಕ್ಕ ಹಾಕಿ ಜರ್ಮನಿಯನ್ನು ಆರಿಸುವವರೂ ಇದ್ದಾರೆ, ಏಕೆಂದರೆ ಅಲ್ಲಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಶುಲ್ಕವಿಲ್ಲ. ಮೋಗ್ಲಿಂಗರು ಹುಟ್ಟಿದ ವುರ್ಟೆಂಬೆರ್ಗ್ ಸೀಮೆಯು, ಅವರಿಗೆ ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಡಾಕ್ಟರೇಟನ್ನು ಕೊಟ್ಟ ಟ್ಯೂಬಿಂಗೆನ್ ಇರುವ ಆ ಸೀಮೆಯು, 2017ರಲ್ಲಿ ಯೂರೋಪಿನ ಒಕ್ಕೂಟಕ್ಕೆ ಸೇರದ ದೇಶಗಳ ವಿದ್ಯಾರ್ಥಿಗಳಿಗೆ ಅರ್ಧ ವರ್ಷಕ್ಕೆ 1500 ಯೂರೋ ಶುಲ್ಕವನ್ನು ವಿಧಿಸತೊಡಗಿತು.