ನೆತ್ತರುಗೊಡಗೆ

ನನ್ನ ತಾಯಿಯ ತವರು ಅರಕಲಗೂಡಿನ ಕಡೆಯ ಒಂದು ಸಣ್ಣ ಹಳ್ಳಿ. ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಕೆರೆಯ ಏರಿಯ ಒಳಮಗ್ಗುಲಲ್ಲಿ ಅರ್ಧ ಹೂತು ನಿಂತಿದ್ದ ಒಂದು ಕಲ್ಲಿನ ಮೇಲೆ ಹತ್ತಿ ನೀರಿಗೆ ಹಾರುವುದು ನಮ್ಮ ಆಟವಾಗಿತ್ತು. ಅಜ್ಜಿ ಕಂಡರೆ ದೂರದಿಂದಲೇ ಕೂಗುತ್ತಿದ್ದರು: “ಇಳೀರೋ ಅಲ್ಲಿಂದ! ಅದು ವೀರಪ್ಪ ಕಣ್ರೋ, ಕಾಲು ಮುರೀತಾನೆ!” ವೀರಪ್ಪ ಯಾರು, ಯಾವ ಕಾಲದವನು ಎಂದು ಅಜ್ಜಿಯನ್ನು ಕೇಳಿದರೆ, “ಊರಿಗೋಸ್ಕರ ಸತ್ತೋನು” ಎಂಬಷ್ಟೇ ಉತ್ತರ. ಅದಕ್ಕಿಂತ ಹೆಚ್ಚು ಆಕೆಗೂ ತಿಳಿದಿರಲಿಲ್ಲ, ಊರಿಗೂ ತಿಳಿದಿರಲಿಲ್ಲ.

ಮುಂದೆ ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದಿದ ಮೇಲೆ ನನಗೆ ಆ ಕಲ್ಲಿನ ನೆನಪು ಬಂತು. ಹೋಗಿ, ಒದ್ದೆಬಟ್ಟೆಯಿಂದ ಒರೆಸಿ, ಸಂಜೆಯ ಓರೆಬಿಸಿಲಿನಲ್ಲಿ ನೋಡಿದೆ. ಮೂರು ಪಟ್ಟಿಕೆಗಳ ಶಿಲ್ಪ. ಕೆಳಗೆ ಬಿಲ್ಲುಬಾಣಗಳ ಕಾಳಗ. ನಡುವೆ ಇಬ್ಬರು ಅಪ್ಸರೆಯರ ಹೆಗಲಿಗೆ ಕೈಹಾಕಿ ಮೇಲೇರುತ್ತಿರುವ ವೀರ. ತುದಿಯಲ್ಲಿ ಶಿವಲಿಂಗ, ಸೂರ್ಯ, ಚಂದ್ರ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಎರಡು ಸಾಲು ಬರಹವಿತ್ತು. ನೂರಾರು ವರ್ಷ ಬಟ್ಟೆ ಒಗೆದವರ ಕೈಯಿಂದ ಅಕ್ಷರಗಳೆಲ್ಲ ಸವೆದುಹೋಗಿ ನನಗೆ ದಕ್ಕಿದ್ದು ಒಂದೇ ಒಂದು ಮಾತು: ‘ಗದ್ದೆ’. ಸತ್ತವನ ಹೆಸರು ಅಳಿದಿತ್ತು; ಅವನ ಮನೆಯವರಿಗೆ ಕೊಟ್ಟ ಭೂಮಿಯ ಮಾತು ಮಾತ್ರ ಉಳಿದಿತ್ತು.

ವೀರಗಲ್ಲೆಂದರೆ ನಮ್ಮಲ್ಲಿ ಬಹುಮಂದಿ ಶಿಲ್ಪವನ್ನು ನೋಡಿ ಮುಂದೆ ಹೋಗುತ್ತಾರೆ. ತುರುಗಳನ್ನು ಹಿಡಿದೊಯ್ಯುವಾಗ ಅಡ್ಡಬಂದು ಮಡಿದವನು, ಊರಳಿವಿನಲ್ಲಿ ಕಾದಿದವನು, ಹೆಣ್ಣುಮಕ್ಕಳ ಸೆರೆ ಬಿಡಿಸಹೋಗಿ ಸತ್ತವನು, ಹಂದಿಬೇಟೆಯಲ್ಲಿ ಪ್ರಾಣಬಿಟ್ಟವನು, ಎಲ್ಲರಿಗೂ ಕಲ್ಲುಂಟು. ಆದರೆ ಅನೇಕ ಕಲ್ಲುಗಳ ಬರಹ ಅಲ್ಲಿಗೇ ನಿಲ್ಲುವುದಿಲ್ಲ. ಸತ್ತವನ ಮಗನಿಗೋ ಮನೆಯವರಿಗೋ ಇಷ್ಟು ಕೊಳಗ, ಇಷ್ಟು ಸಲಗೆ, ಇಷ್ಟು ಕಂಡುಗ ಗದ್ದೆಯನ್ನು ಬಿಟ್ಟೆವು ಎಂಬ ಒಕ್ಕಣೆ ಅದರ ಬೆನ್ನಿಗೇ ಬರುತ್ತದೆ. ಈ ದತ್ತಿಗೆ ಕಲ್ನಾಡು ಎಂದರು, ನೆತ್ತರುಗೊಡಗೆ ಎಂದರು, ರಕ್ತಕೊಡಗೆ ಎಂದರು. ಕೊಡಗೆಯೆಂದರೆ ಕೊಡುಗೆಯ ಭೂಮಿ. ನೆತ್ತರಿಗೆ ಬೆಲೆಯೆಂದು ಯಾರೂ ಬರೆಯಲಿಲ್ಲ. ನೆತ್ತರಿಗೆ ಕೊಡುಗೆ ಎಂದು ಬರೆದರು. ಈ ಮಾತನ್ನು ಕಟ್ಟಿದವನು ಯಾವನೋ ಊರಗೌಡನಿದ್ದಿರಬಹುದು, ಆದರೆ ಅವನಿಗೆ ಪದದ ತೂಕ ತಿಳಿದಿತ್ತು.

ನಮ್ಮ ಹಾಸನದವರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಹಕ್ಕಿದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಈ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಹೊರತಂದಾಗ ಬೇಲೂರು ತಾಲೂಕಿನ ಹಲ್ಮಿಡಿಯ ಕಲ್ಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಕ್ರಿ.ಶ. ಸುಮಾರು 450ರದೆಂದು ಸಾಮಾನ್ಯವಾಗಿ ಹೇಳಲಾಗುವ, ಹದಿನಾರು ಸಾಲುಗಳ ಆ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ಶಾಲೆಯ ಮಕ್ಕಳೂ ಬಲ್ಲರು. ಅದರಲ್ಲಿ ಏನಿದೆ ಎಂದು ಕೇಳಿ ನೋಡಿ. ನಮ್ಮ ಕಾಲೇಜಿನ ತರಗತಿಗಳಲ್ಲೇ ಹತ್ತರಲ್ಲಿ ಎಂಟು ಮಂದಿ ತಲೆ ತಗ್ಗಿಸುತ್ತಾರೆ.

ಅದರಲ್ಲಿರುವುದು ಒಬ್ಬ ಯೋಧನ ಸನ್ಮಾನ. ಕದಂಬ ಕಾಕುಸ್ಥನ ಕಾಲದಲ್ಲಿ ಕೇಕಯ ಪಲ್ಲವರೊಡನೆ ನಡೆದ ಕಾಳಗದಲ್ಲಿ ಶೌರ್ಯ ತೋರಿದ ವಿಜ ಅರಸನೆಂಬವನಿಗೆ, ಸೇಂದ್ರಕ, ಬಾಣ ಎಂಬ ಎರಡು ನಾಡುಗಳವರ ಸಮಕ್ಷಮದಲ್ಲಿ, ಪಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟರು. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆ. ಯುದ್ಧದಿಂದ ಮರಳಿದವನ ಕತ್ತಿಯ ನೆತ್ತರನ್ನು ತೊಳೆದು, ಆ ನೀರಿನೊಡನೆ ಕೊಡುವ ಭೂದಾನ ಅದು. ಕತ್ತಿಯನ್ನು ತೊಳೆಯುವುದೆಂದರೆ ಇನ್ನು ಕಾಳಗ ಮುಗಿಯಿತು, ಬಾ, ಬೇಸಾಯ ಮಾಡು ಎಂದ ಹಾಗೆ ನನಗೆ ಕೇಳಿಸುತ್ತದೆ. ಪಂಡಿತರು ಇದಕ್ಕೆ ಒಪ್ಪುವರೋ ಇಲ್ಲವೋ, ಇರಲಿ. ಕನ್ನಡ ಭಾಷೆ ನಮಗೆ ಸಿಕ್ಕ ಮೊದಲ ಕಲ್ಲಿನಲ್ಲಿ ಹೇಳುತ್ತಿರುವುದು ದೇವರ ಸ್ತೋತ್ರವನ್ನಷ್ಟೇ ಅಲ್ಲ, ದುಡಿದು ಬಂದ ಒಬ್ಬ ಸೈನಿಕನಿಗೆ ನಾಡು ಏನು ಕೊಟ್ಟಿತೆಂಬ ಲೆಕ್ಕವನ್ನು.

ಇದೇ ಪದ ಐನೂರು ವರ್ಷಗಳ ತರುವಾಯವೂ ಬಳಕೆಯಲ್ಲಿತ್ತು. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಪಕ್ಕದಲ್ಲಿ ನಿಂತು ಕಾದಿದ ಮಣಲೇರನಿಗೆ ಸಿಕ್ಕಿದ್ದೂ ಬಾಳ್ಗಚ್ಚೇ. ಮಂಡ್ಯ ಜಿಲ್ಲೆಯ ಆತಕೂರಿನ ಆ ಶಾಸನವನ್ನು ಜನ ನೆನೆಯುವುದು ಬೇರೆ ಕಾರಣಕ್ಕೆ: ಮಣಲೇರ ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಗೊರವನಿಗೆ ಮರೆವು ಬರುವುದು ಬರೆಸಿದವನಿಗೆ ಮೊದಲೇ ಗೊತ್ತಿತ್ತು!

ಶಾಸನಗಳ ಕೊನೆಯಲ್ಲಿ ಬರುವ ಶಾಪಗಳನ್ನು ನಾವು ಸಾಮಾನ್ಯವಾಗಿ ಓದದೆ ಬಿಡುತ್ತೇವೆ. ಇದನ್ನಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಬಗೆಯ ಒಕ್ಕಣೆ ಎಲ್ಲೆಲ್ಲೂ ಇದೆ. ಬರಿಯ ಸಂಪ್ರದಾಯವೆಂದು ನಾನೂ ಬಹುಕಾಲ ತಿಳಿದಿದ್ದೆ. ಈಚೆಗೆ ಹಾಗೆನಿಸುವುದಿಲ್ಲ. ಯಜಮಾನ ಸತ್ತ ಮನೆಯ ಗದ್ದೆಯ ಬದುವನ್ನು ಒತ್ತುವ ನೆರೆಯವನು ಹತ್ತನೆಯ ಶತಮಾನದಲ್ಲಿಯೂ ಇದ್ದ. ಅವನಿಗಾಗಿ ಆ ಶಾಪ. ವಿಧವೆಯ ಪರವಾಗಿ ನಿಲ್ಲಲು ಬೇರೆ ಯಾರೂ ಇಲ್ಲದಾಗ ಕಲ್ಲೇ ನಿಲ್ಲಬೇಕಿತ್ತು.

ಹೆಣ್ಣುಮಕ್ಕಳ ಮಾತು ಬಂತು. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಗೊಮ್ಮಟನನ್ನು ನೋಡಿ ಬರುತ್ತಾರೆ. ಅಲ್ಲಿಯೇ ಗಂಗರ ಕಾಲದ್ದೊಂದು ವೀರಗಲ್ಲಿದೆ. ಅದರಲ್ಲಿ ಕುದುರೆಯೇರಿ ಕತ್ತಿ ಎತ್ತಿರುವವಳು ಹೆಂಗಸು. ಎದುರಿಗೆ ಆನೆಯ ಮೇಲೊಬ್ಬ ಶತ್ರು. ಅವಳು ಸಾವಿಯಬ್ಬೆ, ಲೋಕವಿದ್ಯಾಧರನ ಹೆಂಡತಿ. ಬಗೆಯೂರಿನ ಕಾಳಗಕ್ಕೆ ಗಂಡನೊಡನೆ ಹೋಗಿ ಹೋರಾಡಿ ಮಡಿದಳು. ಕವಿ ಅವಳನ್ನು ರೇವತಿಗೂ ಅರುಂಧತಿಗೂ ಹೋಲಿಸಿದ್ದಾನೆ. ಆದರೆ ಶಿಲ್ಪಿ ಅವಳನ್ನು ಯಾರಿಗೂ ಹೋಲಿಸಲಿಲ್ಲ, ಕುದುರೆಯ ಮೇಲೆ ಕೂರಿಸಿದ. ನನ್ನ ಮಟ್ಟಿಗೆ ಶಿಲ್ಪಿಯೇ ದೊಡ್ಡವನು.

ಇದಕ್ಕೆ ವಿರುದ್ಧವಾದ ಚಿತ್ರ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದರಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಕಥೆ ಇದೆ. 1220ರಲ್ಲಿ ಅರಸ ತೀರಿಕೊಂಡಾಗ, ಕೊಟ್ಟ ಮಾತಿನಂತೆ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಪ್ರಾಣ ಬಿಟ್ಟರಂತೆ. ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಆಳುಗಳ ಸಣ್ಣ ಸಣ್ಣ ಬೊಂಬೆಗಳು ಕಂಬದ ಮೇಲಿವೆ. ಹೀಗೆ ಒಡೆಯನೊಡನೆ ಸಾಯುವವರನ್ನು ಗರುಡರೆಂದರು. ಆ ನಿಷ್ಠೆಗೆ ವೇಳೆವಾಳಿ ಎಂದರು. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ ಹುಡುಗರ ಮೈ ನವಿರೇಳುತ್ತದೆ. ನನಗಾದರೋ ಈಗೀಗ ಆ ಸಾವಿರ ಮನೆಗಳ ನೆನಪಾಗುತ್ತದೆ. ಊರು ಉಳಿಯಲೆಂದು ಸತ್ತ ತುರುಗಾಹಿ ಬೇರೆ. ಅರಸ ಹಾಸಿಗೆಯಲ್ಲಿ ಸತ್ತನೆಂದು ತಾನೂ ಸತ್ತವನು ಬೇರೆ. ಊರೂರಿನ ಮಾಸ್ತಿಕಲ್ಲುಗಳ ಎತ್ತಿದ ಕೈಯನ್ನೂ ಕೈತುಂಬ ಬಳೆಯನ್ನೂ ನೋಡಿದಾಗಲೂ ನನಗೆ ಹಾಗೆಯೇ ಅನಿಸುತ್ತದೆ. ಬದುಕಿ ಗದ್ದೆ ಉಳಬೇಕಾದವಳನ್ನು ಕಲ್ಲಾಗಿಸಿ ಪೂಜಿಸುವುದು ಸುಲಭ.

ಮುಂದಿನ ಕಾಲದಲ್ಲಿ ಕಲ್ಲು ನಿಲ್ಲಿಸುವ ಪದ್ಧತಿ ಹಿಂದೆ ಸರಿಯಿತು. ಮೈಸೂರು ಲ್ಯಾನ್ಸರ್ಸ್ ಪಡೆಯವರು ಜೋಧಪುರದವರೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ನುಗ್ಗಿ ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಬೆಂಗಳೂರಿನಲ್ಲಿಯೂ ಅವರ ಸ್ಮಾರಕವಿದೆ. ಅದೇ ಮಹಾಯುದ್ಧದ ತರುವಾಯ ದೇಶದ ಎಷ್ಟೋ ಹಳ್ಳಿಗಳಲ್ಲಿ ಸರ್ಕಾರ ಸಣ್ಣ ಸಣ್ಣ ಫಲಕಗಳನ್ನು ಹಾಕಿಸಿತು. ಈ ಊರಿನಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಸತ್ತರು, ಅಷ್ಟೇ. ಹೆಸರಿಲ್ಲ, ತಂದೆಯ ಹೆಸರಂತೂ ಇಲ್ಲವೇ ಇಲ್ಲ. ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ದೇಶದಲ್ಲಿ ಮನುಷ್ಯರನ್ನು ಅಂಕಿಯಾಗಿ ಬರೆದರು. 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಹೆಸರುಗಳನ್ನು ಒಂದೊಂದಾಗಿ ಕೆತ್ತಿರುವರೆಂದು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಇಷ್ಟನ್ನೆಲ್ಲ ಬರೆಯಲು ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ದಿನ, ಹೊಳೆನರಸೀಪುರದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ತನ್ನ ಅಜ್ಜಿಯನ್ನು ಮನೆಗೆ ಕರೆತಂದ. ಆಕೆಯ ಗಂಡ ಸೇನೆಯಲ್ಲಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡವರು. ಆಕೆ ಪ್ಲಾಸ್ಟಿಕ್ ಚೀಲವೊಂದನ್ನು ಬಿಚ್ಚಿ, ಮಡಿಕೆಗಳಲ್ಲಿ ಹರಿದ ಒಂದು ಕಾಗದವನ್ನು ಮುಂದಿಟ್ಟು, “ಮೇಷ್ಟ್ರೇ, ಇದನ್ನ ಒಸಿ ಓದಿ ಹೇಳಿ” ಎಂದರು.

ಅದು ಜಮೀನು ಮಂಜೂರಾತಿಯ ಕಾಗದ. 1969ರ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲು ಮೀಸಲಿದೆ. ನೆತ್ತರುಗೊಡಗೆ ಹೆಸರು ಬದಲಿಸಿಕೊಂಡು ಬದುಕಿದೆ, ಅಷ್ಟೆ. ಕಾಗದದಲ್ಲಿ ಎರಡು ಎಕರೆ ಎಂದಿತ್ತು. ನೆಲದ ಮೇಲೆ ಆ ಎರಡು ಎಕರೆ ಎಲ್ಲಿದೆಯೆಂದು ಯಾರೂ ಅಳೆದು ತೋರಿಸಿರಲಿಲ್ಲ. ಆಕೆ ಕಚೇರಿಗೆ ಅಲೆಯಲು ತೊಡಗಿದಾಗ ಮಗ ಕಂಕುಳಲ್ಲಿದ್ದ; ಈಗ ಅವನ ಮಗ ಬಿ.ಎ. ಓದುತ್ತಿದ್ದಾನೆ. “ಓದಿದೋರು ಬರೆದುಕೊಟ್ರೆ ಕೇಳ್ತಾರಂತೆ” ಎಂದರು.

ನಾನು ಅಂದು ಮಧ್ಯಾಹ್ನವೆಲ್ಲ ಕುಳಿತು ಅರ್ಜಿ ಬರೆದೆ. ಸತ್ತವರ ಹೆಸರು, ತಂದೆಯ ಹೆಸರು, ಪಡೆಯ ಹೆಸರು, ಮಡಿದ ತಾರೀಕು, ಕೊಟ್ಟ ಭೂಮಿ, ಅದರ ಎಲ್ಲೆ. ಬರೆಯುತ್ತ ಹೋದಂತೆ ಈ ಒಕ್ಕಣೆ ನನಗೆ ಎಲ್ಲಿಯೋ ಪರಿಚಯವಿದ್ದಂತೆ ತೋರಿತು. ಕೊನೆಯಲ್ಲಿ ವಾರಣಾಸಿಯ ಕವಿಲೆಯ ಶಾಪವನ್ನೂ ಸೇರಿಸಿಬಿಡೋಣವೆಂದು ಕೈ ತುರಿಸಿದ್ದು ನಿಜ. ಸೇರಿಸಲಿಲ್ಲ. “ತಮ್ಮ ವಿಶ್ವಾಸಿ” ಎಂದು ಬರೆದು, ಆಕೆಯ ಹೆಬ್ಬೆಟ್ಟಿಗೆ ಜಾಗ ಬಿಟ್ಟೆ.

ಆದರೆ ಆಕೆ ಹೆಬ್ಬೆಟ್ಟು ಒತ್ತಲಿಲ್ಲ. “ರುಜು ಹಾಕ್ತೀನಿ. ಅವರೇ ಕಲಿಸಿದ್ರು, ರಜಕ್ಕೆ ಬಂದಾಗ” ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಬಹು ನಿಧಾನವಾಗಿ, ಒಂದೊಂದೇ ಅಕ್ಷರವನ್ನು ಕೆತ್ತಿದ ಹಾಗೆ ತನ್ನ ಹೆಸರು ಬರೆದರು. ಅರ್ಜಿಯನ್ನು ಚೀಲದೊಳಗಿಟ್ಟು ಬಾಯಿಗೆ ಗಂಟು ಹಾಕಿ, ಐದೂವರೆಯ ಬಸ್ಸು ತಪ್ಪೀತೆಂದು ಮೊಮ್ಮಗನನ್ನು ಅವಸರಪಡಿಸುತ್ತ ಮಳೆಯಲ್ಲೇ ಹೊರಟರು.